ಅಂಗವೈಕಲ್ಯದ ವಿಮೆ ಹಣ: ಆದಾಯವೋ, ಪರಿಹಾರವೋ?

ಹೈದರಾಬಾದ್: ರಸ್ತೆ ಅಪಘಾತದಲ್ಲಿ ಕಾಲು ಕಳೆದುಕೊಂಡವರ ಮನೆಗೆ ತಿಂಗಳುಗಟ್ಟಲೆ ಓಡಾಟದ ನಂತರ ವಿಮಾ ಕಂಪೆನಿಯಿಂದ ಹಣ ಬರುತ್ತದೆ. ಆಸ್ಪತ್ರೆಯ ಸಾಲ, ಕೃತಕ ಕಾಲಿನ ಖರ್ಚು, ಮಕ್ಕಳ ಫೀಸು ಎಂದು ಲೆಕ್ಕ ಹಾಕುತ್ತಾ ಕುಳಿತ ಮನೆಯವರಿಗೆ ಸ್ವಲ್ಪ ಉಸಿರಾಡುವಂತಾಗುವ ಹೊತ್ತಿಗೆ ನೋಡಲು ಬಂದ ಯಾರೋ ಒಬ್ಬರು ಮಾತು ತೆಗೆಯುತ್ತಾರೆ: "ಇಷ್ಟು ದೊಡ್ಡ ರಕಂ ಖಾತೆಗೆ ಬಂದ್ರೆ ಇನ್‌ಕಂ ಟ್ಯಾಕ್ಸ್‌ನವ್ರು ಸುಮ್ನೆ ಬಿಡ್ತಾರೇನ್ರೀ?" ಅಲ್ಲಿಗೆ ಇದ್ದ ನೆಮ್ಮದಿಯೂ ಹೋಗುತ್ತದೆ. ಕಾಲು ಹೋದದ್ದಕ್ಕೂ ತೆರಿಗೆ ಕಟ್ಟಬೇಕೇ ಎಂಬ ಪ್ರಶ್ನೆ ಗಾಯದ ಮೇಲೆ ಬರೆ ಎಳೆದಂತೆ ಕಾಡತೊಡಗುತ್ತದೆ.

ಕಾಚಿಗುಡಾ, ನಲ್ಲಕುಂಟಾ, ವಿದ್ಯಾನಗರದಿಂದ ಹಿಡಿದು ಕೂಕಟ್‌ಪಲ್ಲಿ, ಮಾಧಾಪುರದವರೆಗೆ ಹರಡಿಕೊಂಡಿರುವ ಹೈದರಾಬಾದ್ ಕನ್ನಡಿಗರಲ್ಲಿ ಹೋಟೆಲ್ ನಡೆಸುವವರು, ಬ್ಯಾಂಕ್ ನೌಕರರು, ಕಾರ್ಖಾನೆ ಕಾರ್ಮಿಕರು, ಸಾಫ್ಟ್‌ವೇರ್ ಉದ್ಯೋಗಿಗಳು ಎಲ್ಲರೂ ಇದ್ದಾರೆ. ದಿನವೂ ದ್ವಿಚಕ್ರ ವಾಹನದಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಓಡಾಡುವವರೇ ಇವರಲ್ಲಿ ಹೆಚ್ಚು. ವಿಮೆ ಮಾಡಿಸುವಾಗ "ಹಣ ಎಷ್ಟು ಬರುತ್ತದೆ" ಎಂದು ಕೇಳುವ ರೂಢಿಯಿದೆ. "ಬಂದ ಹಣವನ್ನು ಯಾವ ಲೆಕ್ಕದಲ್ಲಿ ತೋರಿಸಬೇಕು" ಎಂದು ಕೇಳುವ ರೂಢಿಯಿಲ್ಲ. ಇದೊಂದು ಕೇಳದೆ ಹೋದದ್ದಕ್ಕೆ ಲಕ್ಷಾಂತರ ರೂಪಾಯಿ ಕಳೆದುಕೊಳ್ಳುವ ಸಂಭವವಿದೆ ಎಂಬುದು ಇಲ್ಲಿ ಗಮನಾರ್ಹ.

ಒಂದು ಕಾಲಂ, ಹನ್ನೊಂದು ಲಕ್ಷ

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಗಚ್ಚಿಬೌಲಿಯ ಕಂಪೆನಿಯೊಂದರಲ್ಲಿ ಕೆಲಸ ಮಾಡುವ ವ್ಯಕ್ತಿಯೊಬ್ಬರು ಒಂದು ಕೋಟಿ ರೂಪಾಯಿಯ ಖಾಸಗಿ ಅಪಘಾತ ವಿಮೆ ಮಾಡಿಸಿದ್ದಾರೆ ಎಂದಿಟ್ಟುಕೊಳ್ಳಬಹುದು. ಅಪಘಾತದಲ್ಲಿ ಒಂದು ಕಾಲು ಹೋದರೆ ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ವಿಮಾ ಮೊತ್ತದ ಶೇ. 50 ಸಿಗುತ್ತದೆ. ಅಂದರೆ 50 ಲಕ್ಷ ರೂಪಾಯಿ. ಆ ವರ್ಷ ಅವರಿಗೆ ಬೇರೆ ಆದಾಯವೇ ಇಲ್ಲ ಎಂದುಕೊಂಡರೂ, ಈ 50 ಲಕ್ಷವನ್ನು ರಿಟರ್ನ್‌ನಲ್ಲಿ "ಇತರ ಮೂಲಗಳ ಆದಾಯ" ಎಂಬ ಕಾಲಂನಲ್ಲಿ ಬರೆದುಬಿಟ್ಟರೆ 2025-26ನೇ ಸಾಲಿನ ಹೊಸ ಪದ್ಧತಿಯ ದರದಂತೆ ತೆರಿಗೆ 10.80 ಲಕ್ಷ, ಅದರ ಮೇಲೆ ಶೇ. 4ರ ಸೆಸ್ ಸೇರಿ ಒಟ್ಟು 11,23,200 ರೂಪಾಯಿ ಆಗುತ್ತದೆ. ಅದೇ ಹಣವನ್ನು ಅದರ ನಿಜವಾದ ಸ್ವರೂಪದಲ್ಲಿ, ದೇಹದ ನಷ್ಟಕ್ಕೆ ಬಂದ ಪರಿಹಾರವೆಂದು ತೋರಿಸಿದರೆ ತೆರಿಗೆ ಇಲ್ಲ.

ಹನ್ನೊಂದು ಲಕ್ಷ ರೂಪಾಯಿ ಎಂದರೆ ಒಳ್ಳೆಯ ಕೃತಕ ಕಾಲು, ವರ್ಷಗಳ ಫಿಸಿಯೋಥೆರಪಿ, ಮಗಳ ಕಾಲೇಜು ಶುಲ್ಕ. ಇಷ್ಟೆಲ್ಲ ಒಂದು ಕಾಲಂ ಮೇಲೆ ನಿಂತಿದೆ.

ಮರ ಮತ್ತು ಹಣ್ಣು

ಯಾಕೆ ತೆರಿಗೆ ಇಲ್ಲ ಎಂಬುದಕ್ಕೆ ಉತ್ತರ ಬಹಳ ಹಿಂದಿನದು. 1932ರಲ್ಲಿ ಕಲ್ಕತ್ತೆಯ ಶಾ ವ್ಯಾಲೇಸ್ ಕಂಪೆನಿಯ ಪ್ರಕರಣದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಆದಾಯ ಎಂದರೇನು ಎಂದು ವಿವರಿಸಿತು. ಒಂದು ನಿಶ್ಚಿತ ಮೂಲದಿಂದ ಒಂದು ಬಗೆಯ ಕ್ರಮದಲ್ಲಿ ಬರುವ ಹಣವೇ ಆದಾಯ. ಅದು ಮರ ಬಿಡುವ ಹಣ್ಣಿನ ಹಾಗೆ, ಹೊಲ ಕೊಡುವ ಬೆಳೆಯ ಹಾಗೆ ಎಂಬುದು ಆ ತೀರ್ಪಿನ ಭಾವ. ಕಂಪೆನಿ ತನ್ನ ಏಜೆನ್ಸಿಯನ್ನೇ ಕಳೆದುಕೊಂಡಾಗ ಬಂದ ಪರಿಹಾರ ಆದಾಯವಲ್ಲ ಎಂದು ಅಲ್ಲಿ ತೀರ್ಮಾನವಾಯಿತು.

ದುಡಿಯುವ ಮನುಷ್ಯನಿಗೆ ಕೈಕಾಲು ಕಣ್ಣುಗಳೇ ಮರ. ತಿಂಗಳ ಸಂಬಳ ಅದರ ಹಣ್ಣು. ಹಣ್ಣಿಗೆ ತೆರಿಗೆ ಉಂಟು. ಆದರೆ ಮರವೇ ಕಡಿದುಹೋಗಿ, ಅದರ ಬದಲಿಗೆ ಒಂದಿಷ್ಟು ಹಣ ಬಂದರೆ ಅದನ್ನು ಹಣ್ಣು ಎನ್ನಲಾಗದು. ಕಾನೂನಿನ ಭಾಷೆಯಲ್ಲಿ ಇದಕ್ಕೆ "ಬಂಡವಾಳ ಸ್ವರೂಪದ ಸ್ವೀಕೃತಿ" ಎನ್ನುತ್ತಾರೆ. ಕಾಯ್ದೆಯಲ್ಲೇ ವಿಶೇಷವಾಗಿ ಹೇಳದ ಹೊರತು ಇಂಥ ಸ್ವೀಕೃತಿಗೆ ಆದಾಯ ತೆರಿಗೆ ಬೀಳುವುದಿಲ್ಲ. ಕೊಲ್ಹಾಪುರದ ರಾಜಮನೆತನಕ್ಕೆ ಸಂಬಂಧಿಸಿದ ಪ್ರಕರಣವೊಂದರಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ನಗದು ಭತ್ಯೆಯೊಂದನ್ನು ಬಂಡವಾಳ ಸ್ವರೂಪದ್ದೆಂದು ಕಂಡು, ಆದ್ದರಿಂದ ಅದು ಆದಾಯವಲ್ಲ ಎಂದಿತು.

"ಪುಕ್ಕಟೆ ಬಂದ ಹಣಕ್ಕೆ 50,000 ರೂಪಾಯಿ ಮೀರಿದರೆ ತೆರಿಗೆ ಇದೆಯಲ್ಲ" ಎಂದು ಕೆಲವರು ಕೇಳುವುದುಂಟು. ಆ ನಿಯಮ ಇರುವುದು ಪ್ರತಿಫಲ ಕೊಡದೆ ಪಡೆದ ಹಣಕ್ಕೆ. ವಿಮೆಯ ಹಣ ಪುಕ್ಕಟೆಯದಲ್ಲ, ಪ್ರೀಮಿಯಂ ಕಟ್ಟಿ ಪಡೆದದ್ದು. ಆದುದರಿಂದ ಆ ನಿಯಮ ಇಲ್ಲಿಗೆ ಅನ್ವಯಿಸದು.

ಸರಕಾರದ ನಿಲುವಿನಲ್ಲೂ ಇದೇ ಜಾಡು ಕಾಣುತ್ತದೆ. ಕರ್ತವ್ಯದಲ್ಲಿದ್ದಾಗ ಗಾಯಗೊಂಡವರಿಗೆ ಅಥವಾ ಮೃತರ ಕುಟುಂಬಕ್ಕೆ ಸರಕಾರ, ಸ್ಥಳೀಯ ಸಂಸ್ಥೆ ಅಥವಾ ಸಾರ್ವಜನಿಕ ಉದ್ದಿಮೆ ಕೊಡುವ ಅನುಗ್ರಹ ಧನಕ್ಕೆ ತೆರಿಗೆ ಇಲ್ಲ ಎಂದು ಕೇಂದ್ರ ನೇರ ತೆರಿಗೆ ಮಂಡಳಿ 1999ರ ಜೂನ್‌ನಲ್ಲಿ ಸುತ್ತೋಲೆ ಸಂಖ್ಯೆ 776ರ ಮೂಲಕ ತಿಳಿಸಿತ್ತು. ಭೋಪಾಲ್ ಅನಿಲ ದುರಂತದ ಸಂತ್ರಸ್ತರ ಪರಿಹಾರಕ್ಕೆ ಕಾಯ್ದೆಯಲ್ಲೇ ಪ್ರತ್ಯೇಕ ವಿನಾಯಿತಿ ಸೇರಿಸಲಾಗಿದೆ. ಆದರೆ ಖಾಸಗಿಯಾಗಿ ಕೊಂಡ ಅಪಘಾತ ವಿಮೆಯ ಅಂಗವೈಕಲ್ಯ ಪರಿಹಾರಕ್ಕೆ ಹೆಸರಿಟ್ಟು ಹೇಳುವ ಕಲಂ 1961ರ ಕಾಯ್ದೆಯಲ್ಲಿ ಇಲ್ಲ. ಗೊಂದಲಕ್ಕೆಲ್ಲ ಇದೇ ಮೂಲ. ಇಲ್ಲಿ ಆಧಾರವಾಗಿ ನಿಲ್ಲುವುದು ಮೇಲೆ ಹೇಳಿದ ಮರ-ಹಣ್ಣಿನ ತತ್ವ.

ಪಾಲಿಸಿ ಯಾವುದು, ಮೊದಲು ನೋಡಬೇಕು

ಅಂಗವೈಕಲ್ಯಕ್ಕೆ ಹಣ ಕೊಡುವ ಪಾಲಿಸಿಗಳು ಮುಖ್ಯವಾಗಿ ಎರಡು ಬಗೆ. ಒಂದು, ಜೀವ ವಿಮೆಯ ಜತೆಗೆ ಸೇರಿಸಿಕೊಂಡ ಅಪಘಾತ ರೈಡರ್. ಇನ್ನೊಂದು, ಸಾಮಾನ್ಯ ವಿಮಾ ಕಂಪೆನಿಗಳು ಮಾರುವ ವೈಯಕ್ತಿಕ ಅಪಘಾತ ವಿಮೆ.

ಎಲ್‌ಐಸಿಯ ಅಪಘಾತ ಮರಣ ಮತ್ತು ಅಂಗವೈಕಲ್ಯ ರೈಡರ್‌ನಲ್ಲಿ, ಅಪಘಾತದಿಂದ ಪೂರ್ಣ ಹಾಗೂ ಶಾಶ್ವತ ಅಂಗವೈಕಲ್ಯ ಉಂಟಾದರೆ ರೈಡರ್ ಮೊತ್ತವನ್ನು ಹತ್ತು ವರ್ಷಗಳ ಕಾಲ ಸಮನಾದ ಮಾಸಿಕ ಕಂತುಗಳಲ್ಲಿ ಕೊಡಲಾಗುತ್ತದೆ. ತಿಂಗಳು ತಿಂಗಳು ಬರುವುದರಿಂದ ಇದು ಸಂಬಳದ ಹಾಗೆ ಕಾಣುತ್ತದೆ. ಆದರೆ ಇದು ಜೀವ ವಿಮಾ ಪಾಲಿಸಿಯ ಅಡಿ ಬಂದ ಹಣವಾದ್ದರಿಂದ 1961ರ ಕಾಯ್ದೆಯ ಕಲಂ 10(10ಡಿ) ರಕ್ಷಣೆ ಇದಕ್ಕಿದೆ. ಕಂತು ಎಂದ ಮಾತ್ರಕ್ಕೆ ಆದಾಯವಾಗುವುದಿಲ್ಲ.

ಈ ಕಲಮಿಗೂ ಷರತ್ತುಗಳಿವೆ. 2012ರ ಏಪ್ರಿಲ್ 1ರ ನಂತರದ ಪಾಲಿಸಿಗಳಲ್ಲಿ ವಾರ್ಷಿಕ ಪ್ರೀಮಿಯಂ ವಿಮಾ ಮೊತ್ತದ ಶೇ. 10 ಮೀರಿರಬಾರದು. 2003ರ ಏಪ್ರಿಲ್‌ನಿಂದ 2012ರ ಮಾರ್ಚ್‌ವರೆಗಿನ ಪಾಲಿಸಿಗಳಿಗೆ ಈ ಮಿತಿ ಶೇ. 20. ಪಾಲಿಸಿ ಪಡೆಯುವಾಗಲೇ ಅಂಗವಿಕಲರಾಗಿದ್ದವರಿಗೆ 2013ರ ಏಪ್ರಿಲ್ ನಂತರ ಶೇ. 15ರವರೆಗೆ ಸಡಿಲಿಕೆ ಇದೆ. 2023ರ ಏಪ್ರಿಲ್ 1ರ ನಂತರ ಕೊಂಡ ಪಾಲಿಸಿಗಳ ಒಟ್ಟು ವಾರ್ಷಿಕ ಪ್ರೀಮಿಯಂ 5 ಲಕ್ಷ ಮೀರಿದರೂ ವಿನಾಯಿತಿ ತಪ್ಪುತ್ತದೆ. ಮಧ್ಯಮ ವರ್ಗದ ಮಾಮೂಲಿ ಪಾಲಿಸಿಗಳು ಈ ಬಲೆಗೆ ಬೀಳುವುದು ಕಡಿಮೆ. ಒಂದೇ ಕಂತಿನ ಸಿಂಗಲ್ ಪ್ರೀಮಿಯಂ ಪಾಲಿಸಿ ಇದ್ದವರು ಮಾತ್ರ ಬಾಂಡ್ ತೆಗೆದು ನೋಡಿಕೊಳ್ಳುವುದು ಒಳ್ಳೆಯದು.

ಎರಡನೆಯ ಬಗೆಯಾದ ವೈಯಕ್ತಿಕ ಅಪಘಾತ ವಿಮೆ ಜೀವ ವಿಮೆಯಲ್ಲ. ಆದ್ದರಿಂದ 10(10ಡಿ) ಇದಕ್ಕೆ ಬರುವುದಿಲ್ಲ. ಏಜೆಂಟರು "ಎಲ್ಲ ವಿಮೆ ಹಣವೂ 10(10ಡಿ) ಕೆಳಗೆ ಫ್ರೀ" ಎಂದು ಹೇಳಿದರೆ ನಂಬಬಾರದು. ಇಲ್ಲಿ ಹಣಕ್ಕೆ ತೆರಿಗೆ ಇಲ್ಲವೆಂಬುದು ಬಂಡವಾಳ ಸ್ವೀಕೃತಿಯ ತತ್ವದ ಮೇಲೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯೂ ಈ ಗುಂಪಿಗೆ ಸೇರಿದ್ದು. 2015ರಲ್ಲಿ ವರ್ಷಕ್ಕೆ 12 ರೂಪಾಯಿಗೆ ಆರಂಭವಾದ ಈ ಯೋಜನೆಯ ಪ್ರೀಮಿಯಂ 2022ರ ಜೂನ್‌ನಿಂದ 20 ರೂಪಾಯಿ. ಮರಣ ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಒಂದು ಕಣ್ಣು ಅಥವಾ ಒಂದು ಕೈ ಅಥವಾ ಒಂದು ಪಾದ ಶಾಶ್ವತವಾಗಿ ಹೋದರೆ 1 ಲಕ್ಷ ಸಿಗುತ್ತದೆ. ವಾಹನ ಮಾಲೀಕ-ಚಾಲಕರ ಕಡ್ಡಾಯ ಅಪಘಾತ ವಿಮೆಯ ಮೊತ್ತವನ್ನು 2018ರಲ್ಲಿ 15 ಲಕ್ಷಕ್ಕೆ ಏರಿಸಲಾಯಿತು. ಎಲ್ಲ ಸಾಮಾನ್ಯ ವಿಮಾ ಕಂಪೆನಿಗಳೂ 2021ರ ಏಪ್ರಿಲ್‌ನಿಂದ "ಸರಳ ಸುರಕ್ಷಾ ಬಿಮಾ" ಎಂಬ ಏಕರೂಪದ ಪಾಲಿಸಿಯನ್ನು ಎರಡೂವರೆ ಲಕ್ಷದಿಂದ ಒಂದು ಕೋಟಿಯವರೆಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಆದೇಶಿಸಿತು. 2001ರಲ್ಲಿ ದೆಹಲಿಯಿಂದ ಸ್ಥಳಾಂತರಗೊಂಡ ಈ ಪ್ರಾಧಿಕಾರದ ಕೇಂದ್ರ ಕಚೇರಿ ಇರುವುದು ಹೈದರಾಬಾದಿನಲ್ಲೇ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಇವೆಲ್ಲ ನಿಗದಿತ ಮೊತ್ತದ ಪಾಲಿಸಿಗಳು. ಒಂದರಲ್ಲಿ ಹಣ ಬಂತೆಂದು ಇನ್ನೊಂದನ್ನು ಬಿಡಬೇಕಾಗಿಲ್ಲ. ಖಾತೆಯಿಂದ ವರ್ಷಕ್ಕೊಮ್ಮೆ 20 ರೂಪಾಯಿ ಕಡಿತವಾಗುವುದನ್ನು ಮನೆಯವರು ಮರೆತೇ ಬಿಡುವುದುಂಟು. ಪಾಸ್‌ಬುಕ್ ತೆರೆದು ನೋಡಿದರೆ ಒಂದು ಲಕ್ಷದ ಹಕ್ಕು ಅಲ್ಲಿ ಕುಳಿತಿರಬಹುದು.

ವಾರದ ಭತ್ಯೆಯ ತಕರಾರು

ಕಷ್ಟದ ಪ್ರಶ್ನೆ ಬರುವುದು ತಾತ್ಕಾಲಿಕ ಅಂಗವೈಕಲ್ಯದಲ್ಲಿ. ಕಾಲು ಮುರಿದು ಐದು ತಿಂಗಳು ಹಾಸಿಗೆ ಹಿಡಿದವರಿಗೆ ಕೆಲವು ಪಾಲಿಸಿಗಳು ವಾರಕ್ಕೆ ಇಷ್ಟು ಎಂದು ಹಣ ಕೊಡುತ್ತವೆ. ವಿಮಾ ಮೊತ್ತದ ಶೇ. 1ರಂತೆ, ಒಂದು ಗರಿಷ್ಠ ಮಿತಿಯೊಳಗೆ ಕೊಡುವುದು ಹಲವು ಪಾಲಿಸಿಗಳಲ್ಲಿ ರೂಢಿ. ಇಲ್ಲಿ ಮರ ಕಡಿದುಹೋಗಿಲ್ಲ. ಆ ಹಂಗಾಮಿನ ಹಣ್ಣು ಮಾತ್ರ ಇಲ್ಲ. ಹಾಗಾದರೆ ವಾರದ ಹಣ ಹಣ್ಣಿಗೆ ಬದಲಿಯೇ?

ಹೌದು ಎನ್ನುವವರ ವಾದ ಹೀಗಿದೆ: ಸಂಬಳ ನಿಂತ ಕಾಲಕ್ಕೆ ಸಂಬಳದ ಜಾಗದಲ್ಲಿ ಬಂದದ್ದು, ಕ್ರಮವಾಗಿ ಬಂದದ್ದು, ಆದ್ದರಿಂದ ಆದಾಯ. ಅಲ್ಲ ಎನ್ನುವವರ ವಾದವೂ ಗಟ್ಟಿಯೇ: ಹಣದ ಲೆಕ್ಕ ಸಂಬಳದ ಮೇಲಲ್ಲ, ವಿಮಾ ಮೊತ್ತದ ಮೇಲೆ, ಅದು ಬಂದದ್ದು ದುಡಿಮೆಯಿಂದಲ್ಲ, ದೇಹಕ್ಕಾದ ಪೆಟ್ಟಿನಿಂದ, ಕಾಯ್ದೆಯ ಆದಾಯದ ಪಟ್ಟಿಯಲ್ಲಿ ಇದರ ಹೆಸರಿಲ್ಲ. ವೃತ್ತಿನಿರತ ಲೆಕ್ಕಪರಿಶೋಧಕರಲ್ಲೂ ಈ ಬಗ್ಗೆ ಒಮ್ಮತ ಇಲ್ಲ. ವಾರದ ಹಣ ಪಡೆದವರು ಅದನ್ನು ಮುಚ್ಚಿಡದೆ, ಲೆಕ್ಕಪರಿಶೋಧಕರಿಂದ ಲಿಖಿತ ಅಭಿಪ್ರಾಯ ಪಡೆದು, ಅದರಂತೆ ರಿಟರ್ನ್‌ನಲ್ಲಿ ತೋರಿಸುವುದೇ ಕ್ಷೇಮ. ವರ್ಷದ ಒಟ್ಟು ಆದಾಯವೇ ಕಡಿಮೆ ಇರುವವರಿಗೆ ಈ ತಕರಾರು ಹೆಚ್ಚು ಬಾಧಿಸದು. ಹೊಸ ಪದ್ಧತಿಯಲ್ಲಿ 2025-26ನೇ ಸಾಲಿನಿಂದ 12 ಲಕ್ಷದವರೆಗಿನ ಮಾಮೂಲು ಆದಾಯಕ್ಕೆ ರಿಬೇಟ್ ಇರುವುದರಿಂದ ಹೋಟೆಲ್ ಕ್ಯಾಷಿಯರ್ ಒಬ್ಬರು ಇಪ್ಪತ್ತು ವಾರಗಳಿಗೆ ತಲಾ 5,000ದಂತೆ ಒಂದು ಲಕ್ಷ ಪಡೆದು, ಅದನ್ನು ಆದಾಯವೆಂದೇ ತೋರಿಸಿದರೂ ಕಟ್ಟಬೇಕಾದ ತೆರಿಗೆ ಏನೂ ಇರಲಿಕ್ಕಿಲ್ಲ.

ಸಂಸ್ಥೆಯೇ ಮಾಡಿಸಿದ ಗ್ರೂಪ್ ವಿಮೆಯಲ್ಲಿ ಇನ್ನಷ್ಟು ಎಚ್ಚರ ಬೇಕು. ರಜೆಯ ಅವಧಿಗೆ ಸಂಸ್ಥೆ ಸಂಬಳವನ್ನೇ ಮುಂದುವರಿಸಿದರೆ ಅದು ಸಂಬಳ, ತೆರಿಗೆಗೆ ಒಳಪಡುತ್ತದೆ. ಮಾಲೀಕರಿಂದ ಬರುವ ಇತರ ಹಣವನ್ನೂ "ಸಂಬಳದ ಬದಲಿನ ಲಾಭ" ಎಂದು ಕಾಣುವ ಅವಕಾಶ ಕಲಂ 17(3)ರಲ್ಲಿದೆ. ಹಾಗಾಗಿ ವಿಮಾ ಕಂಪೆನಿಯ ಹಣ ಸಂಸ್ಥೆಯ ಮೂಲಕ ಬಂದರೆ, ಅದು ಅಂಗ ನಷ್ಟಕ್ಕೆ ವಿಮಾ ಕಂಪೆನಿ ಕೊಟ್ಟ ಪರಿಹಾರ ಎಂಬ ಪತ್ರವನ್ನು ಸಂಸ್ಥೆಯಿಂದ ಪಡೆದಿಟ್ಟುಕೊಳ್ಳಬೇಕು. ಸಂಬಳದ ಸ್ಲಿಪ್‌ನಲ್ಲಿ ಅದು ಬೋನಸ್ ಜತೆ ಸೇರಿಹೋದರೆ ನಂತರ ಬಿಡಿಸುವುದು ಕಷ್ಟ. ಸ್ವಂತ ವ್ಯಾಪಾರದವರು ಪ್ರೀಮಿಯಂ ಅನ್ನು ಅಂಗಡಿಯ ಖರ್ಚಿಗೆ ಬರೆದಿದ್ದರೆ, ಬಂದ ಹಣ ವ್ಯಾಪಾರದ ಸ್ವೀಕೃತಿ ಎಂಬ ಪ್ರಶ್ನೆ ಏಳಬಹುದು. ಅವರೂ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಬೇಕು.

ಅಮೆರಿಕದಲ್ಲಿ ಬೇರೆ ದಾರಿ

ಮಕ್ಕಳು ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳು ಈ ನಗರದಲ್ಲಿ ಕಡಿಮೆಯೇನಿಲ್ಲ. ಅಲ್ಲಿಂದ ಫೋನಿನಲ್ಲಿ ಬರುವ ಸಲಹೆ ಇಲ್ಲಿಗೆ ಹೊಂದುವುದಿಲ್ಲ. ಅಮೆರಿಕದಲ್ಲಿ ಅಂಗವೈಕಲ್ಯ ವಿಮೆ ಎಂದರೆ ಹೆಚ್ಚಾಗಿ ಸಂಬಳದ ಒಂದು ಭಾಗವನ್ನು ತಿಂಗಳು ತಿಂಗಳು ಕೊಡುವ ಪಾಲಿಸಿ. ಅಲ್ಲಿನ ಕಾನೂನು ಕೇಳುವ ಮೊದಲ ಪ್ರಶ್ನೆ, ಪ್ರೀಮಿಯಂ ಕಟ್ಟಿದ್ದು ಯಾರು? ನೌಕರ ತೆರಿಗೆ ಕಟ್ಟಿ ಉಳಿದ ತನ್ನ ಹಣದಿಂದ ಕಟ್ಟಿದ್ದರೆ ಪರಿಹಾರಕ್ಕೆ ತೆರಿಗೆ ಇಲ್ಲ. ಕಂಪೆನಿ ಕಟ್ಟಿದ್ದರೆ ತೆರಿಗೆ ಇದೆ. ಇಬ್ಬರೂ ಕಟ್ಟಿದ್ದರೆ ಆಯಾ ಪಾಲಿನಂತೆ. ಭಾರತದ ಕಾಯ್ದೆಯಲ್ಲಿ ಹೀಗೆ ಒಂದೇ ಸಾಲಿನ ನಿಯಮವಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ, ಹಣ ಬಂದದ್ದು ಯಾವುದರ ಬದಲಿಗೆ ಎಂಬುದು. ಅಲ್ಲಿ ಪಾಲಿಸಿ ಪಡೆದು ಇಲ್ಲಿಗೆ ಮರಳಿ ನೆಲೆಸಿದವರು ಎರಡೂ ದೇಶಗಳ ನಿಯಮ ಬಲ್ಲವರನ್ನೇ ಕೇಳಬೇಕಾಗುತ್ತದೆ.

ಬಡ್ಡಿ ಮಾತ್ರ ಹಣ್ಣೇ

ಪರಿಹಾರಕ್ಕೆ ತೆರಿಗೆ ಇಲ್ಲ ಎಂದು ತಿಳಿದ ಮೇಲೆ ಅನೇಕರು ಮಾಡುವ ತಪ್ಪು, ಅದರಿಂದ ಹುಟ್ಟಿದ ಬಡ್ಡಿಗೂ ತೆರಿಗೆ ಇಲ್ಲವೆಂದು ಭಾವಿಸುವುದು. ಬಡ್ಡಿ ಎರಡು ಕಡೆಯಿಂದ ಬರುತ್ತದೆ. ವಿಮಾ ಕಂಪೆನಿ ಹಣ ಕೊಡಲು ತಡ ಮಾಡಿದರೆ ನಿಯಮದಂತೆ ಬಡ್ಡಿ ಸೇರಿಸಿ ಕೊಡಬೇಕು. ಆ ಬಡ್ಡಿ ಆದಾಯ. ಬಂದ ಹಣವನ್ನು ಬ್ಯಾಂಕಿನಲ್ಲಿ ಫಿಕ್ಸೆಡ್ ಡಿಪಾಜಿಟ್ ಇಟ್ಟರೆ ಅದರ ಬಡ್ಡಿಯೂ ಆದಾಯ. ಉದಾಹರಣೆಗೆ 6 ಲಕ್ಷ ರೂಪಾಯಿಯನ್ನು ಶೇ. 7ರಂತೆ ಇಟ್ಟರೆ ವರ್ಷಕ್ಕೆ 42,000 ರೂಪಾಯಿ ಬಡ್ಡಿ. 2025ರ ಏಪ್ರಿಲ್‌ನಿಂದ ಬ್ಯಾಂಕ್ ಬಡ್ಡಿ ಮೇಲಿನ ಮೂಲದಲ್ಲಿ ಕಡಿತದ ಮಿತಿ 50,000ಕ್ಕೆ, ಹಿರಿಯ ನಾಗರಿಕರಿಗೆ ಒಂದು ಲಕ್ಷಕ್ಕೆ ಏರಿದ್ದರಿಂದ ಇಷ್ಟಕ್ಕೆ ಬ್ಯಾಂಕ್ ತೆರಿಗೆ ಹಿಡಿಯುವುದಿಲ್ಲ. ಆದರೆ ಹಿಡಿಯಲಿಲ್ಲ ಎಂದ ಮಾತ್ರಕ್ಕೆ ರಿಟರ್ನ್‌ನಲ್ಲಿ ತೋರಿಸದೆ ಇರುವಂತಿಲ್ಲ. ಪ್ಯಾನ್ ಕೊಡದೆ ಇದ್ದರೆ ಮಿತಿ ಮೀರಿದ ಬಡ್ಡಿಗೆ ಶೇ. 10ರ ಬದಲು ಶೇ. 20 ಕಡಿತವಾಗುತ್ತದೆ.

ಒಂದು ಮುಖ್ಯ ಅನುಕೂಲ ಬಹಳ ಮಂದಿಗೆ ಗೊತ್ತಿಲ್ಲ. ಅಪ್ರಾಪ್ತ ಮಕ್ಕಳ ಬಡ್ಡಿ ಆದಾಯವನ್ನು ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರಿಸಲಾಗುತ್ತದೆ. ಆದರೆ ಆ ಮಗು ಕಲಂ 80ಯು ಹೇಳುವ ಅಂಗವೈಕಲ್ಯ ಹೊಂದಿದ್ದರೆ ಸೇರಿಸುವಂತಿಲ್ಲ. ಅದು ಮಗುವಿನದೇ ಪ್ರತ್ಯೇಕ ಆದಾಯ. ಅಪಘಾತದಲ್ಲಿ ಅಂಗ ಕಳೆದುಕೊಂಡ ಮಗುವಿನ ಹೆಸರಲ್ಲಿ ಠೇವಣಿ ಇಟ್ಟ ಪೋಷಕರು ಇದನ್ನು ಗಮನಿಸಬೇಕು.

ಮೋಟಾರು ಅಪಘಾತ ನ್ಯಾಯಮಂಡಳಿಯ ಪರಿಹಾರದಲ್ಲಿ ಬಡ್ಡಿಯ ವಿವಾದ ದೀರ್ಘ ಕಾಲ ನಡೆಯಿತು. 1978ರಲ್ಲಿ ಎಂಟು ವರ್ಷದ ಬಾಲಕನೊಬ್ಬ ಕಾರು ಬಡಿದು ಅಂಗವಿಕಲನಾದ ಪ್ರಕರಣದಲ್ಲಿ ಪರಿಹಾರ ಇತ್ಯರ್ಥವಾಗುವಷ್ಟರಲ್ಲಿ ದಶಕಗಳೇ ಉರುಳಿದವು. ಅಷ್ಟು ವರ್ಷಗಳ ಬಡ್ಡಿಗೆ ತೆರಿಗೆ ಎಂದಾಗ ವಿಷಯ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿತು. ಅರ್ಜಿ ಸಲ್ಲಿಸಿದ ದಿನದಿಂದ ತೀರ್ಪಿನವರೆಗಿನ ಬಡ್ಡಿ ಪರಿಹಾರದ್ದೇ ಭಾಗ, ಅದಕ್ಕೆ ತೆರಿಗೆ ಇಲ್ಲ ಎಂದು 2019ರ ಆಗಸ್ಟ್‌ನಲ್ಲಿ ಆ ನ್ಯಾಯಾಲಯ ಹೇಳಿತು. ನ್ಯಾಯಮಂಡಳಿ ವ್ಯಕ್ತಿಗಳಿಗೆ ಕೊಡಿಸುವ ಬಡ್ಡಿಗೆ ತೆರಿಗೆ ವಿನಾಯಿತಿ ಕೊಡುವ, ಅದರ ಮೇಲಿನ ಮೂಲದಲ್ಲಿ ಕಡಿತವನ್ನೂ ಕೈಬಿಡುವ ಪ್ರಸ್ತಾವವನ್ನು 2026ರ ಫೆಬ್ರವರಿ 1ರ ಕೇಂದ್ರ ಬಜೆಟ್‌ನಲ್ಲಿ ಪ್ರಕಟಿಸಲಾಯಿತು. ಇದು ನ್ಯಾಯಮಂಡಳಿಯ ಬಡ್ಡಿಗೆ ಮಾತ್ರ. ಖಾಸಗಿ ಪಾಲಿಸಿಯ ತಡದ ಬಡ್ಡಿಗೂ ಬ್ಯಾಂಕ್ ಠೇವಣಿಯ ಬಡ್ಡಿಗೂ ಇದನ್ನು ಅನ್ವಯಿಸಿಕೊಳ್ಳುವಂತಿಲ್ಲ.

ಎಡಗೈ ಹೋದರೆ ನಷ್ಟ ಎಷ್ಟು?

ಅಂಗವೈಕಲ್ಯದ ಶೇಕಡಾವಾರು ಮತ್ತು ದುಡಿಮೆಯ ನಷ್ಟ ಒಂದೇ ಅಲ್ಲ ಎಂಬುದನ್ನು 2010ರ ಅಕ್ಟೋಬರ್‌ನಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಚೆನ್ನಾಗಿ ವಿವರಿಸಿದೆ. ತೀರ್ಪು ಬರೆದವರು ಕರ್ನಾಟಕ ಹೈಕೋರ್ಟ್‌ನಲ್ಲೂ ನ್ಯಾಯಮೂರ್ತಿಗಳಾಗಿದ್ದ ಆರ್.ವಿ. ರವೀಂದ್ರನ್. ಎಡಗೈ ಕತ್ತರಿಸಿದರೆ ವೈದ್ಯರ ಲೆಕ್ಕದಲ್ಲಿ ಅಂಗವೈಕಲ್ಯ ಸುಮಾರು ಶೇ. 60. ಆದರೆ ಆತ ಡ್ರೈವರ್ ಅಥವಾ ಬಡಗಿಯಾಗಿದ್ದರೆ ದುಡಿಮೆಯ ಶಕ್ತಿ ಹೆಚ್ಚುಕಡಿಮೆ ಪೂರ್ತಿ ಹೋದಂತೆಯೇ. ಸರಕಾರಿ ಗುಮಾಸ್ತನಾಗಿದ್ದರೆ ನೌಕರಿ ಉಳಿಯಬಹುದು ಎಂಬುದು ಅಲ್ಲಿನ ವಿವರಣೆ.

ಆ ತೀರ್ಪು ಮೋಟಾರು ಅಪಘಾತ ಪರಿಹಾರದ್ದು, ತೆರಿಗೆಯದಲ್ಲ. ಖಾಸಗಿ ಪಾಲಿಸಿಯಲ್ಲಿ ಡ್ರೈವರ್ ಆಗಲಿ ಗುಮಾಸ್ತ ಆಗಲಿ, ಪಾಲಿಸಿಯ ಪಟ್ಟಿಯಲ್ಲಿದ್ದಷ್ಟೇ ಹಣ. ಆದರೂ ದೇಹದ ಅಂಗವೇ ದುಡಿಯುವವನ ಬಂಡವಾಳ ಎಂಬ ಮಾತು ಇದರಿಂದ ಮನದಟ್ಟಾಗುತ್ತದೆ. ಬಡಗಿಯ ಕೈಗೆ ಬಂದ ಹಣ ಅವನ ವರಮಾನವಲ್ಲ, ವರಮಾನ ತರುತ್ತಿದ್ದ ಕೈಯ ಬೆಲೆ.

ರಿಯಾಯಿತಿಗಳೂ ಇವೆ, ಬಲೆಯೂ ಇದೆ

ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಕಲಂ 80ಯು ಪ್ರಕಾರ ಶೇ. 40ರಿಂದ ಮೇಲ್ಪಟ್ಟ ಅಂಗವೈಕಲ್ಯಕ್ಕೆ 75,000 ರೂಪಾಯಿ, ಶೇ. 80 ಮತ್ತು ಮೇಲ್ಪಟ್ಟದ್ದಕ್ಕೆ 1,25,000 ರೂಪಾಯಿ ಕಡಿತ ಸಿಗುತ್ತದೆ. ಖರ್ಚಿನ ರಸೀದಿ ಬೇಕಿಲ್ಲ, ಪ್ರಮಾಣಪತ್ರ ಸಾಕು. ತೆಲಂಗಾಣದಲ್ಲಿ "ಸದರಂ" ಎಂದು ಪರಿಚಿತವಾದ ಪ್ರಮಾಣಪತ್ರ, ಕೇಂದ್ರದ ಯುಡಿಐಡಿ ಕಾರ್ಡ್ ಮಾಡಿಸಿಟ್ಟುಕೊಂಡರೆ ಬಹಳ ಕಡೆ ಉಪಯೋಗ. ಹೊಸ ಪದ್ಧತಿಯಲ್ಲಿ 80ಯು ಇಲ್ಲ. ಅಂಗವಿಕಲ ನೌಕರರ ಸಾರಿಗೆ ಭತ್ಯೆಯ ವಿನಾಯಿತಿ ಮಾತ್ರ ಅಲ್ಲೂ ಇದೆ. ಅಪಘಾತ ವಿಮೆಯ ಪ್ರೀಮಿಯಂಗೆ 80ಸಿ ಅಥವಾ 80ಡಿ ರಿಯಾಯಿತಿ ಯಾವ ಪದ್ಧತಿಯಲ್ಲೂ ಸಿಗುವುದಿಲ್ಲ.

ಅಂಗವಿಕಲ ಮಕ್ಕಳ ಭವಿಷ್ಯಕ್ಕಾಗಿ ಪೋಷಕರು ಮಾಡಿಸುವ, 80ಡಿಡಿ ರಿಯಾಯಿತಿ ಪಡೆದ ಪಾಲಿಸಿಗಳ ಲೆಕ್ಕವೇ ಬೇರೆ. ಎಲ್‌ಐಸಿಯ ಜೀವನ್ ಆಧಾರ್ ಇಂಥದ್ದು. ಪೋಷಕರಿಗಿಂತ ಮೊದಲೇ ಆ ಮಗು ತೀರಿಕೊಂಡು ಹಣ ಪೋಷಕರಿಗೆ ಹಿಂತಿರುಗಿದರೆ, ಆ ವರ್ಷದ ಆದಾಯವೆಂದು ಅದಕ್ಕೆ ತೆರಿಗೆ ಬೀಳುತ್ತದೆ. ಪೋಷಕರು ಬದುಕಿರುವಾಗಲೇ ಮಗುವಿಗೆ ಹಣ ಸಿಗಬೇಕೆಂದು ತಂದೆಯೊಬ್ಬರು ಸುಪ್ರೀಂ ಕೋರ್ಟ್‌ಗೆ ಹೋಗಿದ್ದರು. 2019ರ ಜನವರಿಯಲ್ಲಿ ಕೋರ್ಟ್ ಈ ವಿಷಯವನ್ನು ಪರಿಶೀಲಿಸುವಂತೆ ಸರಕಾರಕ್ಕೆ ಹೇಳಿತು. 2022ರ ಹಣಕಾಸು ಕಾಯ್ದೆಯಲ್ಲಿ, ಪೋಷಕರಿಗೆ 60 ವರ್ಷ ತುಂಬಿ ಪ್ರೀಮಿಯಂ ನಿಲ್ಲಿಸಿದ ಮೇಲೆ ಮಗುವಿಗೆ ಹಣ ಬರುವಂತೆ ತಿದ್ದುಪಡಿಯಾಯಿತು.

ಕಾಗದ ಜೋಪಾನ

ರಿಟರ್ನ್ ಸಲ್ಲಿಸುವಾಗ ಅಂಗ ನಷ್ಟದ ಹಣವನ್ನು ಅಡಗಿಸುವ ಅಗತ್ಯವೂ ಇಲ್ಲ, ಆದಾಯಕ್ಕೆ ಸೇರಿಸುವ ಅಗತ್ಯವೂ ಇಲ್ಲ. ರೈಡರ್ ಹಣವನ್ನು ವಿನಾಯಿತಿ ಆದಾಯದ ಪಟ್ಟಿಯಲ್ಲಿ ತೋರಿಸಬಹುದು. ಅಪಘಾತ ವಿಮೆಯ ಇಡಿಗಂಟನ್ನು ಎಲ್ಲಿ, ಹೇಗೆ ನಮೂದಿಸುವುದೆಂದು ಲೆಕ್ಕಪರಿಶೋಧಕರನ್ನು ಕೇಳಿಕೊಂಡರಾಯಿತು. ಮುಂದೆಂದಾದರೂ ಇಲಾಖೆಯಿಂದ ವಿವರಣೆ ಕೇಳಿ ನೋಟಿಸ್ ಬಂದರೆ ಉತ್ತರ ಕೊಡುವುದು ಕಾಗದಗಳು. ಪಾಲಿಸಿ ಬಾಂಡ್, ಹಣ ಮಂಜೂರಾದ ಪತ್ರ, ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ಎಫ್‌ಐಆರ್ ಪ್ರತಿ, ಹಣ ಜಮೆಯಾದ ಪಾಸ್‌ಬುಕ್ ಪುಟ, ಇವಿಷ್ಟನ್ನು ಒಂದೇ ಫೈಲಿನಲ್ಲಿ ಇಡಬೇಕು. ಮಂಜೂರಾತಿ ಪತ್ರದಲ್ಲಿ ಅಂಗ ನಷ್ಟದ ಪರಿಹಾರ ಎಷ್ಟು, ವಾರದ ಭತ್ಯೆ ಎಷ್ಟು, ಆಸ್ಪತ್ರೆ ಖರ್ಚು ಎಷ್ಟು, ಬಡ್ಡಿ ಎಷ್ಟು ಎಂದು ಬಿಡಿಬಿಡಿಯಾಗಿ ಬರೆದಿರುವಂತೆ ನೋಡಿಕೊಳ್ಳಬೇಕು. ಒಟ್ಟು ಮೊತ್ತ ಒಂದೇ ಸಾಲಿನಲ್ಲಿದ್ದರೆ ವಿಮಾ ಕಂಪೆನಿಗೆ ಪತ್ರ ಬರೆದು ವಿಂಗಡಣೆ ಕೇಳುವುದು ಪಾಲಿಸಿದಾರರ ಹಕ್ಕು.

ಈಗಾಗಲೇ ತಪ್ಪು ಕಾಲಂನಲ್ಲಿ ಬರೆದು ತೆರಿಗೆ ಕಟ್ಟಿದವರು ಗಡುವಿನೊಳಗೆ ಪರಿಷ್ಕೃತ ರಿಟರ್ನ್ ಸಲ್ಲಿಸಿ ಮರುಪಾವತಿ ಕೇಳಬಹುದು. ಗಡುವು ಮೀರಿದರೆ ದಾರಿ ಕಷ್ಟ. 2025-26ನೇ ಸಾಲಿನ ರಿಟರ್ನ್‌ಗೆ 1961ರ ಕಾಯ್ದೆಯೇ ಅನ್ವಯ. 2026ರ ಏಪ್ರಿಲ್ 1ರಿಂದಾಚೆಗಿನ ಆದಾಯಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುವುದರಿಂದ ಕಲಂ ಸಂಖ್ಯೆಗಳು ಬದಲಾಗುತ್ತವೆ. ಹಳೆಯ ಸಂಖ್ಯೆಗಳನ್ನು ನೋಡಿ ಗಾಬರಿಯಾಗಬಾರದು.

ವಿಮಾ ಕಂಪೆನಿ ಹಣವನ್ನೇ ನಿರಾಕರಿಸಿದರೆ, ಅಥವಾ ದೂರಿಗೆ 30 ದಿನಗಳಲ್ಲಿ ಉತ್ತರಿಸದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷದವರೆಗಿನ ಪ್ರಕರಣಗಳು ಅಲ್ಲಿ ಇತ್ಯರ್ಥವಾಗುತ್ತವೆ. ಹೈದರಾಬಾದಿನಲ್ಲಿ ಈ ಕಚೇರಿ ಲಕ್ಡಿಕಾಪೂಲ್ ಬಳಿಯ ಎ.ಸಿ. ಗಾರ್ಡ್ಸ್‌ನಲ್ಲಿದೆ. ಆದಾಯ ತೆರಿಗೆ ಇಲಾಖೆಯ ಐ.ಟಿ. ಟವರ್ಸ್ ಇರುವುದೂ ಅದೇ ಎ.ಸಿ. ಗಾರ್ಡ್ಸ್‌ನಲ್ಲಿ. ಓಂಬುಡ್ಸ್‌ಮನ್ ತೆರಿಗೆಯ ಪ್ರಶ್ನೆ ತೀರ್ಮಾನಿಸುವುದಿಲ್ಲ, ತೆರಿಗೆ ಅಧಿಕಾರಿ ವಿಮೆ ಕೊಡಿಸುವುದಿಲ್ಲ ಎಂಬುದು ನೆನಪಿರಬೇಕು.

ಊರು ಬಿಟ್ಟು ಬಂದವರಿಗೆ ಇಂಥ ಸಮಯದಲ್ಲಿ ಪಕ್ಕದಲ್ಲಿ ನಿಂತು ಕಾಗದ ಓದಿ ಹೇಳುವವರು ಕಡಿಮೆ. ಕಾಚಿಗುಡಾದ ಕರ್ನಾಟಕ ಸಾಹಿತ್ಯ ಮಂದಿರದಂಥ ಕಡೆ ಕನ್ನಡಿಗರು ಕಲೆಯುತ್ತಾರೆ. ನಿವೃತ್ತ ಬ್ಯಾಂಕ್ ನೌಕರರೂ ಲೆಕ್ಕಪರಿಶೋಧಕರೂ ಸಮಾಜದಲ್ಲಿದ್ದಾರೆ. ಯಾರದೋ ಮನೆಯಲ್ಲಿ ಇಂಥ ಕಷ್ಟ ಬಂದಾಗ ಹಣ್ಣುಹಂಪಲು ಹಿಡಿದು ನೋಡಿಕೊಂಡು ಬರುವುದರ ಜತೆಗೆ ಒಂದು ಗಂಟೆ ಕುಳಿತು ಅವರ ಫೈಲು ನೋಡಿಕೊಟ್ಟರೆ ಅದೂ ದೊಡ್ಡ ಉಪಕಾರ. ಕಾಲು ಕೊಟ್ಟು ಬಂದ ಹಣ ತಪ್ಪು ಕಾಲಂನಲ್ಲಿ ಸೋರಿಹೋಗದಂತೆ ತಡೆಯಲು ಅಷ್ಟು ಸಾಕಾಗುತ್ತದೆ.